ನುನಾಲೆಕ್: ಕಡಲು ಒಯ್ಯುತ್ತಿರುವ ಹಳೆ ಊರು

2025ರ ಅಕ್ಟೋಬರ್ ಎರಡನೇ ವಾರ ಹಾಲಾಂಗ್ ಅನ್ನುವ ಟೈಫೂನಿನ (ಪೆಸಿಫಿಕ್ ಕಡಲಿನ ಚಂಡಮಾರುತದ) ಉಳಿಕೆ ಅಮೆರಿಕದ ಅಲಾಸ್ಕಾ ರಾಜ್ಯದ ಪಶ್ಚಿಮ ಕರಾವಳಿಗೆ ಬಂದು ಬಡಿಯಿತು. ಕಿಪ್ನುಕ್, ಕ್ವಿಗಿಲ್ಲಿಂಗೊಕ್ ಅನ್ನುವ ಎರಡು ಊರುಗಳಲ್ಲಿ ಮನೆಗಳು ಒಳಗಿದ್ದ ಜನರ ಸಮೇತ ಬುಡದಿಂದ ಎದ್ದು ತೇಲಿಹೋದವು. ಸಾವಿರಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಬೇರೆ ಕಡೆ ಸಾಗಿಸಬೇಕಾಯಿತು. ಸುದ್ದಿಯಲ್ಲೆಲ್ಲ ಅದೇ ಇತ್ತು. ಇರಬೇಕಾದದ್ದೂ ಅದೇ.

ಅದೇ ಕರಾವಳಿಯಲ್ಲಿ, ಕುಸ್ಕೊಕ್ವಿಮ್ ಕೊಲ್ಲಿಯ ಪೂರ್ವ ದಂಡೆಯಲ್ಲಿ ಕ್ವಿನ್‌ಹಾಗಾಕ್ ಅನ್ನುವ ಇನ್ನೊಂದು ಊರಿದೆ. ಏಳೆಂಟು ನೂರು ಜನ. ಹೆಚ್ಚುಕಡಿಮೆ ಎಲ್ಲರೂ ಯೂಪಿಕ್ ಬುಡಕಟ್ಟಿನವರು. ಹೊಳೆಯ ಸಾಲ್ಮನ್ ಮೀನು, ಕಡಲಿನ ಸೀಲ್, ಬಯಲಿನ ಬೆರ್ರಿ ಹಣ್ಣು ಇವತ್ತಿಗೂ ಅವರ ಊಟ. ಊರಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಕಡಲ ದಂಡೆಯ ಮೇಲೆ, ಅವರ ಹಿರಿಯರ ಒಂದು ಊರು ಮಣ್ಣಿನಡಿ ಮಲಗಿತ್ತು. ಹೆಸರು ನುನಾಲೆಕ್. ಯೂಪಿಕ್ ಮಾತಿನಲ್ಲಿ ಅದರರ್ಥ 'ಹಳೆ ಊರು' ಅಂತ ಅಷ್ಟೇ. ಆ ಬಿರುಗಾಳಿ ಅಲ್ಲಿಯ ದಂಡೆಯನ್ನು 60 ಅಡಿಯವರೆಗೆ ಕಿತ್ತುಕೊಂಡು ಹೋಯಿತು. ಮರುದಿನಗಳಲ್ಲಿ ಊರಿನವರು ಹೋಗಿ ನೋಡಿದರೆ ಕೆಸರಿನಲ್ಲಿ, ಮರಳಿನಲ್ಲಿ ಎಲ್ಲೆಂದರಲ್ಲಿ ಕೆತ್ತಿದ ಮರದ ಸಾಮಾನು. ಅವರು ಹೆಕ್ಕಿ ತಂದದ್ದು ಸುಮಾರು 1,000. ಉಳಿದದ್ದು? 17 ವರ್ಷದಿಂದ ಅಲ್ಲಿ ಕೆಲಸ ಮಾಡಿರುವ ಪುರಾತತ್ವ ತಜ್ಞ ರಿಕ್ ನೆಕ್ಟ್ ಅವರ ಅಂದಾಜಿನಲ್ಲಿ ಚೆಲ್ಲಾಪಿಲ್ಲಿಯಾದ ಸಾಮಾನು 1,00,000ದವರೆಗೂ ಇರಬಹುದು. ಅಷ್ಟೂ ವರ್ಷ ಅಗೆದು ತೆಗೆದದ್ದೂ ಹತ್ತಿರ ಹತ್ತಿರ ಅಷ್ಟೇ.

ಈ ಲೆಕ್ಕ ನೋಡಿ ಸುಮ್ನೆ ಇರಲು ನನಗಾಗಲಿಲ್ಲ. ಒಂದು ರಾತ್ರಿಯ ಗಾಳಿ ಹೀಗೆ ಮಾಡಲು ಹೇಗೆ ಸಾಧ್ಯವಾಯಿತು, ಹೋದದ್ದು ನಿಜಕ್ಕೂ ಏನು, ಉಳಿದದ್ದು ಯಾರಿಂದ ಉಳಿಯಿತು ಅನ್ನುವುದನ್ನು ಬಿಡಿಸಿ ನೋಡಬೇಕು.

ಮೊದಲು ಆ ನೆಲದ ವಿಷಯ. ಕ್ವಿನ್‌ಹಾಗಾಕ್ ಇರುವುದು ಟಂಡ್ರಾದಲ್ಲಿ. ಮರ ಬೆಳೆಯದ ಬಯಲು. ಹುಲ್ಲು ಮತ್ತು ಪಾಚಿಯ ಪದರದ ಕೆಳಗೆ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದೇ ಪರ್ಮಾಫ್ರಾಸ್ಟ್. ನಮ್ಮಂಥ ಸೆಖೆಯ ನಾಡಿನಲ್ಲಿ ಮರ, ಚರ್ಮ, ಹುಲ್ಲು, ಕೂದಲು ಮಣ್ಣಿಗೆ ಬಿದ್ದರೆ ಕೆಲವೇ ವರ್ಷದಲ್ಲಿ ಮಣ್ಣಾಗುತ್ತವೆ. ಉಳಿಯುವುದು ಕಲ್ಲು, ಮಡಕೆ ಚೂರು, ಲೋಹ. ಹಾಗಾಗಿ ಹಳೆ ಕಾಲ ಅಂದರೆ ನಮ್ಮ ಕಣ್ಣಿಗೆ ಕಲ್ಲೇ ಕಟ್ಟುತ್ತದೆ. ನುನಾಲೆಕ್‌ನಲ್ಲಿ ಅದು ತಲೆಕೆಳಗು. ಹೆಪ್ಪುಗಟ್ಟಿದ ಮಣ್ಣಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸವಿಲ್ಲ. ಹೆಣೆದ ಹುಲ್ಲಿನ ಬುಟ್ಟಿ, ಹುಲ್ಲಿನ ಹಗ್ಗ, ಮರದ ಗೊಂಬೆ, ಮುಖವಾಡ, ಬಾಣದ ಕಡ್ಡಿ, ಕತ್ತರಿಸಿ ಬಿಸಾಡಿದ ತಲೆಗೂದಲು ಎಲ್ಲ ಹಾಗ್ಹಾಗೇ ಉಳಿದಿದ್ದವು.

ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಉಲುವಾಕ್ ಅಂತ ಒಂದು ಕತ್ತಿ. ಅರ್ಧಚಂದ್ರದ ಹಾಗಿನ ಅಲಗು, ಅದರ ಬೆನ್ನ ಮೇಲೆ ಮರದ ಹಿಡಿ. ನಮ್ಮ ಈಳಿಗೆ ಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿಯನ್ನು ಅದಕ್ಕೆ ಒತ್ತುತ್ತೇವೆ. ಇದು ಅಂಗೈಯಲ್ಲಿ ಹಿಡಿದು ಮೇಲಿಂದ ಒತ್ತಿ ಕೊಯ್ಯುವ ಕತ್ತಿ. ಹೆಂಗಸರ ಕತ್ತಿ. ಮೀನು ಸೀಳುವುದು, ಸೀಲ್ ಚರ್ಮ ಬಿಡಿಸುವುದು ಇದರಲ್ಲೇ. ಅಲಗು ಸ್ಲೇಟು ಕಲ್ಲಿನದು. ಹೌದು, ನಾವು ಶಾಲೆಯಲ್ಲಿ ಬಳಪದಿಂದ ಬರೆದು ಒರೆಸುತ್ತಿದ್ದೆವಲ್ಲ, ಅದೇ ಜಾತಿಯ ಕಲ್ಲು. ಹಾಳೆಹಾಳೆಯಾಗಿ ಸೀಳುತ್ತದೆ, ಉಜ್ಜಿದರೆ ಹರಿತವಾಗುತ್ತದೆ. ನುನಾಲೆಕ್‌ನ ಕೆಲವು ಉಲುವಾಕ್‌ಗಳ ಹಿಡಿಯನ್ನು ಪ್ರಾಣಿಯ ರೂಪದಲ್ಲಿ ಕೆತ್ತಿದ್ದಾರೆ. ಒಂದು ಹಿಡಿ ಒಂದು ಕಡೆಯಿಂದ ಸೀಲ್ ಹಾಗೆ, ಇನ್ನೊಂದು ಕಡೆಯಿಂದ ತಿಮಿಂಗಿಲದ ಹಾಗೆ ಕಾಣುತ್ತದೆ. ಅಡುಗೆಗೆ ಮೀನು ಕೊಯ್ಯುವ ಕತ್ತಿಗೆ ಇಷ್ಟೊಂದು ಕೆಲಸ! ಈ ಹಿಡಿ ಮರದ್ದು. ಬೇರೆ ಯಾವ ಮಣ್ಣಿನಲ್ಲಾದರೂ ಅದು ಕೊಳೆತು, ನಮಗೆ ಸಿಗುತ್ತಿದ್ದದ್ದು ಒಂದು ಸ್ಲೇಟಿನ ಚೂರು ಮಾತ್ರ. ಅದನ್ನು ಕೆತ್ತಿದವರ ಕಲ್ಪನೆ ಸಿಗುತ್ತಿರಲಿಲ್ಲ.

ಮರವೇ ಬೆಳೆಯದ ಜಾಗದಲ್ಲಿ ಇಷ್ಟು ಮರದ ಸಾಮಾನು ಎಲ್ಲಿಂದ ಬಂತು ಅಂತ ಕೇಳಬಹುದು. ಒಳನಾಡಿನ ಕಾಡುಗಳಿಂದ ಹೊಳೆಗಳು ಮರಗಳನ್ನು ಕಡಲಿಗೆ ತರುತ್ತವೆ, ಕಡಲು ಅವನ್ನು ದಂಡೆಗೆ ಹಾಕುತ್ತದೆ. ತೇಲಿ ಬಂದ ಆ ಮರವೇ ಕಂಬ, ಹಲಗೆ, ಬಟ್ಟಲು, ಮುಖವಾಡ. ಮನೆಗಳ ಗೋಡೆಗೆ ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ. ನೆಲಕ್ಕೆ ಹುಲ್ಲಿನ ಹಾಸು. ಆ ಹಾಸಿನಲ್ಲಿ ಕೂದಲು, ಮೀನಿನ ಮುಳ್ಳು, ಹೇನು ಕೂಡ ಸಿಕ್ಕಿವೆ. ಕೂದಲಿನ ಐಸೊಟೋಪ್, ಅಂದರೆ ತಿಂದ ಆಹಾರ ಬಿಟ್ಟುಹೋಗುವ ಪರಮಾಣು ಗುರುತು, ಅಳೆದರೆ ಆ ಮನುಷ್ಯ ಏನು ತಿನ್ನುತ್ತಿದ್ದ ಅಂತ ಗೊತ್ತಾಗುತ್ತದೆ. ಸಾಲ್ಮನ್ ಜಾಸ್ತಿ, ಜೊತೆಗೆ ಕಡಲ ಪ್ರಾಣಿಗಳು, ಕ್ಯಾರಿಬೂ ಜಿಂಕೆ. ಹೇನು ಎಲ್ಲಿ ಹೆಚ್ಚು ಬಿದ್ದಿವೆ ಅಂತ ನೋಡಿದರೆ ತಲೆ ಬಾಚಿ ಹೇನು ತೆಗೆಯುತ್ತಾ ಕೂತಿದ್ದ ಮೂಲೆ ಯಾವುದು ಅಂತಲೂ ಊಹಿಸಬಹುದು.

ಇಲ್ಲೇ ಒಂದು ಮುಖ್ಯ ವಿಷಯ ಇದೆ. ಹೇನು ಸಿಕ್ಕಿದ್ದಕ್ಕಿಂತ ಎಲ್ಲಿ ಸಿಕ್ಕಿತು ಅನ್ನುವುದರಲ್ಲಿ ಬೆಲೆ ಇರುವುದು. ಅಗೆಯುವವರು ಚಮಚದಷ್ಟು ಮಣ್ಣು ತೆಗೆಯುವಾಗಲೂ ಅದು ಯಾವ ಪದರ, ಯಾವ ಕೋಣೆ, ಪಕ್ಕದಲ್ಲಿ ಏನಿತ್ತು ಅಂತ ಬರೆದಿಡುತ್ತಾರೆ. ನುನಾಲೆಕ್‌ನಲ್ಲಿ ಒಂದರ ಮೇಲೊಂದು ಕಟ್ಟಿದ ಮನೆಗಳ ಪದರಗಳಿವೆ. ಹಳೆ ವಸ್ತುವಿನಲ್ಲಿ ಉಳಿದ ಕಾರ್ಬನ್ ಅಳೆದು ವಯಸ್ಸು ಹೇಳುವ ರೇಡಿಯೋ ಕಾರ್ಬನ್ ಲೆಕ್ಕದಲ್ಲಿ ಈ ಮನೆಗಳು 16ನೇ ಶತಮಾನದ ಕೊನೆಯ ಆಸುಪಾಸಿನಲ್ಲಿ ಶುರುವಾಗಿ 17ನೇ ಶತಮಾನದ ನಡುವಿನವರೆಗೆ ಬರುತ್ತವೆ. ಎಲ್ಲಕ್ಕಿಂತ ಮೇಲಿನ ಪದರ ಸುಟ್ಟು ಕರಿದಾಗಿದೆ. 1645ರಿಂದ 1675ರ ನಡುವೆ ಯಾವಾಗಲೋ ಈ ಊರಿಗೆ ಬೆಂಕಿ ಬಿತ್ತು. ಸುಟ್ಟ ಗೋಡೆಗಳಲ್ಲಿ ಸ್ಲೇಟಿನ ಬಾಣದ ಮೊನೆಗಳು ನಾಟಿಕೊಂಡಿದ್ದವು.

ಯೂಪಿಕ್ ಹಿರಿಯರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಅವರ ಬಾಯಲ್ಲಿ ಬಿಲ್ಲು ಬಾಣದ ಕಾಲದ ಜಗಳಗಳ ಕಥೆ ತಲೆಮಾರುಗಳಿಂದ ಬಂದಿದೆ. ಇಬ್ಬರು ಹುಡುಗರು ಮೊನೆಕಡ್ಡಿ ಎಸೆಯುವ ಆಟ ಆಡುತ್ತಿದ್ದರು. ಒಬ್ಬನ ಕೈತಪ್ಪಿ ಇನ್ನೊಬ್ಬನ ಕಣ್ಣು ಹೋಯಿತು. ತಪ್ಪು ಮಾಡಿದ ಹುಡುಗನ ಅಪ್ಪ, 'ನನ್ನ ಮಗನ ಒಂದು ಕಣ್ಣು ತೆಗೆದುಕೋ' ಅಂದ. ಕಣ್ಣು ಕಳೆದುಕೊಂಡವನ ಅಪ್ಪ ಎರಡೂ ಕಣ್ಣು ತೆಗೆದ. ಅಲ್ಲಿಂದ ಊರಿಗೆ ಊರೇ ಹೊತ್ತಿಕೊಂಡಿತು ಅನ್ನುತ್ತದೆ ಕಥೆ. ಈ ಊರು ಸುಟ್ಟುಹೋದದ್ದೂ ಅವರ ಕಥೆಯಲ್ಲಿದೆ. ಅದೇ ಹೊತ್ತಿಗೆ ಹವೆಯೂ ಚೆನ್ನಾಗಿರಲಿಲ್ಲ. ಭೂಮಿಯ ಉತ್ತರ ಭಾಗಕ್ಕೆ ಚಳಿ ಹೆಚ್ಚಾಗಿದ್ದ ಕಾಲ ಅದು. ಆಹಾರಕ್ಕೆ ಪರದಾಟ ಬಂದಾಗ ಹಳೆ ಸಿಟ್ಟುಗಳಿಗೆ ಬೆಂಕಿ ಬೇಗ ಹತ್ತುತ್ತದೆ ಅಂತ ಸಂಶೋಧಕರು ಊಹಿಸುತ್ತಾರೆ. ಊಹೆ ಏನೇ ಇರಲಿ, ಕಥೆಯೂ ಮಣ್ಣೂ ಒಂದೇ ಮಾತು ಹೇಳಿದವು. ಬರಹ ಇಲ್ಲದವರಿಗೆ ಇತಿಹಾಸ ಇಲ್ಲ ಅನ್ನುವವರು ಇದನ್ನು ಒಂದು ಸಲ ಓದಬೇಕು.

ಈಗ ಯೋಚಿಸಿ. ಆ ಕಪ್ಪು ಪದರದಲ್ಲಿ ಸಿಕ್ಕ ಬಾಣದ ಮೊನೆ ಇಷ್ಟೆಲ್ಲ ಹೇಳಿತು. ಅದೇ ಮೊನೆಯನ್ನು ಬಿರುಗಾಳಿ ಕಿತ್ತು ಮರಳಿನ ಮೇಲೆ ಎಸೆದಿದ್ದರೆ? ಆಗಲೂ ಅದು ಬಾಣದ ಮೊನೆಯೇ. ಬೇಟೆಗೆ ಬಿಟ್ಟದ್ದೋ, ಮನುಷ್ಯನಿಗೆ ಬಿಟ್ಟದ್ದೋ, ಯಾವ ಕಾಲದ್ದೋ ಹೇಳಲು ಬರುವುದಿಲ್ಲ. ಅಕ್ಟೋಬರ್‌ನಲ್ಲಿ ಹೆಕ್ಕಿದ 1,000 ವಸ್ತುಗಳ ಪಾಡು ಇದೇ. ಅವು ಉಳಿದವು ಅಂತ ಖುಷಿಪಡಬೇಕು, ನಿಜ. ಆದರೆ ಪುಸ್ತಕದ ಹಾಳೆಗಳನ್ನು ಹರಿದು ಪುಟ ಸಂಖ್ಯೆ ಕತ್ತರಿಸಿ ಕೊಟ್ಟ ಹಾಗೆ.

ಕಡಲ್ಕೊರೆತ ಅಂದರೆ ಉಳ್ಳಾಲದವರಿಗೆ, ಮರವಂತೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೆಂಗಿನ ಮರ ಬೇರು ಸಮೇತ ಕಡಲಿಗೆ ವಾಲುವುದನ್ನು ಅವರು ಕಂಡಿದ್ದಾರೆ. ಅಲಾಸ್ಕಾದಲ್ಲಿ ನಡೆಯುವುದು ಅದೇ ಕೊರೆತ, ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ದಂಡೆಯ ಮಣ್ಣನ್ನು ಹಿಡಿದಿಟ್ಟಿರುವುದೇ ಅದರೊಳಗಿನ ಐಸ್. ಅದು ಕರಗಿದರೆ ಗಟ್ಟಿ ನೆಲ ಗಂಜಿಯಂತಾಗುತ್ತದೆ. ಇನ್ನೊಂದು ಐಸ್ ಕಡಲಿನದು. ಚಳಿಗಾಲ ಶುರುವಾಗುವಾಗ ದಂಡೆಗೆ ಅಂಟಿಕೊಂಡು ಕಟ್ಟುವ ಐಸ್ ಅಲೆಗಳಿಗೆ ತಡೆಗೋಡೆ ಇದ್ದ ಹಾಗೆ. ಕಡಲು ಬಿಸಿಯಾದಂತೆ ಅದು ಕಟ್ಟುವುದು ತಡ, ಕರಗುವುದು ಬೇಗ. ಬಿರುಗಾಳಿಗೆ ದಂಡೆ ಬರಿಮೈಯಲ್ಲಿ ಸಿಗುವ ದಿನಗಳು ಜಾಸ್ತಿ. ಅಲಾಸ್ಕಾ ಬಿಸಿಯಾಗುತ್ತಿರುವುದು ಇಡೀ ಭೂಮಿಯ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಮೆರ್‌ಬೊಕ್ ಟೈಫೂನಿನ ಉಳಿಕೆ ಇದೇ ಕರಾವಳಿಗೆ ಬಡಿದಿತ್ತು. ಮೂರು ವರ್ಷದಲ್ಲಿ ಹಾಲಾಂಗ್.

ಇದು ಪುರಾತತ್ವದ ಒಂದು ಹಳೆ ನಿಯಮವನ್ನೇ ಅಲುಗಿಸುತ್ತದೆ. ಅಗತ್ಯ ಇಲ್ಲದಿದ್ದರೆ ಅಗೆಯಬೇಡ, ಮಣ್ಣಿನಲ್ಲೇ ಬಿಡು, ಮುಂದಿನವರ ಹತ್ತಿರ ನಮಗಿಂತ ಒಳ್ಳೆ ಉಪಕರಣ ಇರುತ್ತದೆ ಅನ್ನುವುದು ಆ ನಿಯಮ. ಒಳ್ಳೆಯ ನಿಯಮ. ಅಗೆತ ಅಂದರೆ ಒಂದೇ ಸಲ ಓದಲು ಬರುವ ಪುಸ್ತಕ, ಓದುತ್ತಾ ಓದುತ್ತಾ ಹಾಳೆ ಹೋಗುತ್ತದೆ. ಆದರೆ ಮಣ್ಣು ಕಾಯುತ್ತದೆ ಅನ್ನುವ ನಂಬಿಕೆ ಅದರ ಹಿಂದಿದೆ. ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಕಡಲ ದಂಡೆಯಲ್ಲಿ ಆ ನಂಬಿಕೆ ಈಗ ನಿಲ್ಲುವುದಿಲ್ಲ. ಅಲ್ಲಿ ಅಗೆಯದೆ ಬಿಡುವುದೂ ಕಳೆದುಕೊಳ್ಳುವ ಇನ್ನೊಂದು ದಾರಿ. 2009ರಲ್ಲಿ ಮೊದಲು ಅಗೆದ ಜಾಗವೇ ಈಗ ಕಡಲಾಗಿದೆ. ಅವತ್ತು ನಿಯಮ ಹಿಡಿದು ಕೂತಿದ್ದರೆ ಅದರಲ್ಲಿ ಒಂದು ಗೊಂಬೆಯೂ ನಮಗೆ ಸಿಗುತ್ತಿರಲಿಲ್ಲ.

ಅವತ್ತು ಅಗೆಯಲು ಹೇಳಿದ್ದು ಯಾರು ಅನ್ನುವುದೇ ಈ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. 2007ರ ಹೊತ್ತಿಗೆ ತೀರದಲ್ಲಿ ಕೆತ್ತಿದ ಮರದ ಸಾಮಾನು ಸಿಗತೊಡಗಿತು. ಊರಿನ ಕಂಪನಿ ಕಾನಿರ್ತೂಕ್‌ನ ಅಧ್ಯಕ್ಷ ವಾರನ್ ಜೋನ್ಸ್ ಅವರು ರಿಕ್ ನೆಕ್ಟ್ ಅವರನ್ನು ಕರೆಸಿದರು. ನೆಕ್ಟ್ ಅಲಾಸ್ಕಾದಲ್ಲಿ ಬಹಳ ವರ್ಷ ಕೆಲಸ ಮಾಡಿ, ಆಗ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿದ್ದರು. ಊರಿನಲ್ಲಿ ಎಲ್ಲರೂ ತಕ್ಷಣ ಒಪ್ಪಲಿಲ್ಲ. ಹಿರಿಯರ ನೆಲ ಕೆದಕಬಾರದು ಅನ್ನುವ ಅಳುಕು ಹಲವರಿಗಿತ್ತು. ಅದು ಮೂಢನಂಬಿಕೆ ಅಂತ ತಳ್ಳಿಹಾಕುವ ಮಾತಲ್ಲ. ನಮ್ಮ ಅಜ್ಜ ಅಜ್ಜಿಯ ಮನೆಯನ್ನು ಹೊರಗಿನವರು ಬಂದು ಅಗೆಯುತ್ತೇವೆ ಅಂದರೆ ನಮಗೂ ಹಾಗೇ ಆಗುತ್ತದೆ, ಅಲ್ವಾ? ಮಾತಾಡಿದರು, ಚರ್ಚಿಸಿದರು. ಕಡಲು ಹೇಗೂ ಒಯ್ಯುತ್ತಿದೆ, ನಾವೇ ತೆಗೆದು ಮಕ್ಕಳಿಗೆ ಇಡೋಣ ಅನ್ನುವ ಕಡೆಗೆ ಊರು ಬಂತು.

ಹಾಗೆ ನಿರ್ಧರಿಸುವ ಹಕ್ಕು ಅವರಿಗೆ ಇದ್ದದ್ದು ಕಾನೂನಿನಿಂದ. 1971ರಲ್ಲಿ ಅಮೆರಿಕದ ಸಂಸತ್ತು ಅಲಾಸ್ಕಾ ಮೂಲನಿವಾಸಿಗಳ ಭೂಹಕ್ಕಿನ ಬಗ್ಗೆ ಒಂದು ಕಾಯ್ದೆ ಮಾಡಿತು. 4.4 ಕೋಟಿ ಎಕರೆ ನೆಲ ಮತ್ತು 96 ಕೋಟಿ ಡಾಲರಿಗೂ ಹೆಚ್ಚು ಹಣ ಮೂಲನಿವಾಸಿಗಳ ಕಂಪನಿಗಳಿಗೆ ಹೋಯಿತು. ಊರಿಗೊಂದು ಕಂಪನಿ, ಊರಿನವರೇ ಷೇರುದಾರರು. ಆ ಕಾಯ್ದೆಯ ಬಗ್ಗೆ ದೂರುಗಳು ಬೇಕಾದಷ್ಟಿವೆ. ಉಳಿದ ನೆಲದ ಮೇಲಿನ ಅವರ ಹಕ್ಕನ್ನು ಅದು ಮುಗಿಸಿಬಿಟ್ಟಿತು ಅನ್ನುವುದು ಅದರಲ್ಲಿ ದೊಡ್ಡದು. ಆದರೂ ನುನಾಲೆಕ್ ಇರುವ ನೆಲ ಊರಿನ ಕಂಪನಿಯದ್ದಾಗಿತ್ತು. ಹಾಗಾಗಿ ಸಿಕ್ಕ ಸಾಮಾನೂ ಊರಿನದೇ ಆಯಿತು.

ಇದರ ಬೆಲೆ ತಿಳಿಯಬೇಕಾದರೆ ಹಿಂದೆ ಏನಾಗಿತ್ತು ಅಂತ ನೋಡಬೇಕು. 1877ರಿಂದ 1881ರವರೆಗೆ ಎಡ್ವರ್ಡ್ ನೆಲ್ಸನ್ ಅನ್ನುವವರು ಈ ಕರಾವಳಿಯಲ್ಲಿ ಸುತ್ತಾಡಿ ಸುಮಾರು 10,000 ವಸ್ತುಗಳನ್ನು ಕೊಂಡು ರಾಜಧಾನಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಕಳಿಸಿದರು. 'ಕೆಲಸಕ್ಕೆ ಬಾರದ ಸಾಮಾನು ಕೊಳ್ಳುವ ಮನುಷ್ಯ' ಅಂತ ಯೂಪಿಕ್ ಜನ ಅವರಿಗೆ ಹೆಸರಿಟ್ಟಿದ್ದರು. ಅವರು ಕದಿಯಲಿಲ್ಲ, ಕೊಟ್ಟು ತಗೊಂಡರು. ಆದರೂ ಅಜ್ಜಂದಿರ ಮುಖವಾಡ ನೋಡಬೇಕಾದರೆ ಮೊಮ್ಮಕ್ಕಳು ದೇಶದ ಆ ತುದಿಗೆ ಹೋಗಬೇಕಾಯಿತು. ಅದೇ ಶತಮಾನದ ಕೊನೆಗೆ ಮೊರೇವಿಯನ್ ಅನ್ನುವ ಕ್ರೈಸ್ತ ಪಂಥದ ಮಿಷನರಿಗಳು ಬಂದರು. ಮುಖವಾಡ ಹಾಕಿ ಕುಣಿಯುವುದು ಪಾಪ ಅಂತಾಯಿತು. ಕ್ವಿನ್‌ಹಾಗಾಕ್‌ನಲ್ಲಿ ಕುಣಿತ ನಿಂತೇಹೋಯಿತು.

ನುನಾಲೆಕ್ ಸಾಮಾನು ಕೂಡ ಮೊದಲು ದೂರವೇ ಹೋಯಿತು. ಅಬರ್ಡೀನ್‌ಗೆ. ಆದರೆ ವಾಪಸ್ ತರುವ ಒಪ್ಪಂದದ ಮೇಲೆ. ನೂರಾರು ವರ್ಷ ನೀರು ಕುಡಿದ ಮರ ಬಿಸಿಲಿಗೆ ಇಟ್ಟರೆ ಸೀಳಿ, ಮುರುಟಿ ಹಾಳಾಗುತ್ತದೆ. ಅದನ್ನು ಸಿಹಿನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಬೇಕು. ಮರದ ಒಳಗಿನ ನೀರಿನ ಜಾಗಕ್ಕೆ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ತುಂಬಿಸಬೇಕು. ಆಮೇಲೆ ನಿಧಾನಕ್ಕೆ ಒಣಗಿಸಬೇಕು. ಒಂದೊಂದಕ್ಕೆ ಎರಡು ವರ್ಷದವರೆಗೂ ಹಿಡಿಯುತ್ತದೆ. ಆ ಕೆಲಸ ಮುಗಿಸಿ ಪೆಟ್ಟಿಗೆಗಳು ಊರಿಗೆ ಬಂದವು. 2018ರ ಆಗಸ್ಟ್‌ನಲ್ಲಿ ಊರಿನ ಒಂದು ಹಳೆ ಶಾಲೆ ಕಟ್ಟಡದಲ್ಲಿ ನುನಾಲೆಕ್ ಸಂಗ್ರಹಾಲಯ ತೆರೆಯಿತು. ಏಳೆಂಟು ನೂರು ಜನರ ಊರಿನಲ್ಲಿ, ಹೊರಗಿನಿಂದ ರಸ್ತೆಯೇ ಇಲ್ಲದ, ಚಿಕ್ಕ ವಿಮಾನದಲ್ಲೋ ದೋಣಿಯಲ್ಲೋ ತಲುಪಬೇಕಾದ ಊರಿನಲ್ಲಿ.

ಪ್ರತಿ ವರ್ಷ ಅಗೆತ ಮುಗಿಯುವಾಗ ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಹರವಿ ಊರಿನವರನ್ನು ಕರೆಯುತ್ತಿದ್ದರು. ಇದೇನು ಅಂತ ತಜ್ಞರಿಗೆ ಗೊತ್ತಾಗದ್ದನ್ನು ಅಜ್ಜಂದಿರು ನೋಡಿ ಹೇಳುತ್ತಿದ್ದರು, ಯಾಕೆಂದರೆ ಅಂಥದ್ದೇ ಒಂದನ್ನು ತಾವು ಚಿಕ್ಕವರಿದ್ದಾಗ ಬಳಸಿದ್ದರು. ಮರ ಕೆತ್ತುವವರು ಹಳೆಯದನ್ನು ನೋಡಿ ಹೊಸದನ್ನು ಕೆತ್ತಿದರು. ಅಗೆತದಿಂದ ಹುಮ್ಮಸ್ಸು ಬಂದು ಒಂದು ಕುಣಿತದ ತಂಡವೂ ಹುಟ್ಟಿತು. ಒಂದು ಶತಮಾನದ ನಂತರ ಕ್ವಿನ್‌ಹಾಗಾಕ್‌ನಲ್ಲಿ ಮತ್ತೆ ಚರ್ಮದ ತಮಟೆ ಸದ್ದು ಮಾಡಿತು. ನಾನು ಈ ವಾಕ್ಯ ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ. ಮಣ್ಣಿನಿಂದ ಬಂದ ಕಟ್ಟಿಗೆ ಚೂರು ಒಂದು ಊರಿನ ಕಾಲಿಗೆ ಕುಣಿತ ವಾಪಸ್ ಕೊಟ್ಟಿತು.

ಇದಕ್ಕೊಂದು ಹಿಂದಿನ ದಾರಿ ಇತ್ತು. ವಾಷಿಂಗ್ಟನ್ ರಾಜ್ಯದ ತುದಿಯಲ್ಲಿ ಮಕಾ ಬುಡಕಟ್ಟಿನವರ ಓಜೆಟ್ ಅನ್ನುವ ಊರು ಕೆಲವು ನೂರು ವರ್ಷಗಳ ಹಿಂದೆ ಗುಡ್ಡ ಕುಸಿದು ಕೆಸರಿನಡಿ ಹೂತುಹೋಗಿತ್ತು. 1970ರ ಒಂದು ಬಿರುಗಾಳಿ ಅದನ್ನು ತೆರೆದು ತೋರಿಸಿತು. ಅಲ್ಲಿಯೂ ಬುಡಕಟ್ಟಿನವರೇ ತಜ್ಞರನ್ನು ಕರೆಸಿದರು. 11 ವರ್ಷ ಅಗೆದು 55,000 ವಸ್ತು ತೆಗೆದರು, ಅಗೆತ ಮುಗಿಯುವ ಮೊದಲೇ 1979ರಲ್ಲಿ ತಮ್ಮದೇ ಸಂಗ್ರಹಾಲಯ ತೆರೆದರು. ಓಜೆಟ್‌ಗೆ 11 ವರ್ಷ ಸಿಕ್ಕಿತು. ನುನಾಲೆಕ್‌ನವರು ಪ್ರತಿ ವರ್ಷ ಬೇಸಿಗೆಯ ಕೆಲವು ವಾರ ಅಗೆದು, ಚಳಿಗಾಲಕ್ಕೆ ಮುಚ್ಚಿ, ಮುಂದಿನ ವರ್ಷ ಬಂದಾಗ ಜಾಗ ಉಳಿದಿರುತ್ತದೋ ಇಲ್ಲವೋ ಅಂತ ನೋಡಬೇಕಿತ್ತು.

ಜನರ ಮನೆಯೇ ತೇಲಿಹೋಗಿರುವಾಗ ಹಳೆ ಗೊಂಬೆಗಳ ಚಿಂತೆ ಯಾಕೆ ಅಂತ ಕೆಲವರು ಕೇಳಬಹುದು. ನನಗೆ ಇವು ಎರಡು ಬೇರೆ ವಿಷಯ ಅನ್ನಿಸುವುದಿಲ್ಲ. ಕೊರೆಯುತ್ತಿರುವುದು ಒಂದೇ ಕಡಲು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು 2003ರಲ್ಲೇ ಹೇಳಿದ್ದರು: ಅಲಾಸ್ಕಾದ 213 ಮೂಲನಿವಾಸಿ ಊರುಗಳಲ್ಲಿ 184ಕ್ಕೆ ನೆರೆ ಮತ್ತು ಕೊರೆತದ ಕಾಟ ಇದೆ ಅಂತ. ನ್ಯೂಟೊಕ್ ಅನ್ನುವ ಊರು ಇಡಿಯಾಗಿ ಮೆರ್ಟಾರ್ವಿಕ್ ಅನ್ನುವ ಹೊಸ ಜಾಗಕ್ಕೆ ಹೋಯಿತು. ಮೊದಲ ಮನೆಗಳವರು 2019ರಲ್ಲಿ ಹೊರಟರು, ಎಲ್ಲರೂ ತಲುಪುವಾಗ 2024. ಹಾಲಾಂಗ್‌ನಲ್ಲಿ ಮುಳುಗಿದ ಕಿಪ್ನುಕ್‌ಗೆ ಹೊಳೆ ದಂಡೆ ಭದ್ರ ಮಾಡಲು 2 ಕೋಟಿ ಡಾಲರ್ ಅನುದಾನ ಮಂಜೂರಾಗಿತ್ತು. ಬಿರುಗಾಳಿಗೆ ಕೆಲವು ತಿಂಗಳ ಮೊದಲು, 2025ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ಅದನ್ನು ರದ್ದು ಮಾಡಿತು. ಕಾಮಗಾರಿ ಆಗಿದ್ದರೂ ಈ ಸಲ ಉಳಿಸುವಷ್ಟು ಬೇಗ ಮುಗಿಯುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಮುಂದಿನ ಸಲಕ್ಕೂ ಅದು ಇಲ್ಲ.

ಹಾಗಾದರೆ ಏನು ಮಾಡಬಹುದು? ಕರಾವಳಿ ಉದ್ದಕ್ಕೂ ಇಂಥ ಹಳೆ ಊರುಗಳು ಇನ್ನೂ ಇವೆ. ಎಲ್ಲವನ್ನೂ ಅಗೆಯಲು ಆಗುವುದಿಲ್ಲ. ವಿಶ್ವವಿದ್ಯಾಲಯದ ತಂಡ ಅರ್ಜಿ ಹಾಕಿ, ಹಣ ಬಂದು, ಟಿಕೆಟ್ ಮಾಡಿಸಿ ತಲುಪುವಾಗ ಒಂದೆರಡು ವರ್ಷ ಹೋಗುತ್ತದೆ. ಬಿರುಗಾಳಿ ಅರ್ಜಿ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ತೀರದಲ್ಲಿ ಇರುವವರು ಊರಿನವರೇ. ಅಕ್ಟೋಬರ್‌ನಲ್ಲಿ ಆ ಸಾವಿರ ಸಾಮಾನು ಉಳಿದದ್ದು ಅವರು ಏನು ಹೆಕ್ಕಬೇಕು, ಹೇಗೆ ಹಿಡಿಯಬೇಕು, ಒಣಗಲು ಬಿಡಬಾರದು ಅಂತ ಕಲಿತಿದ್ದರಿಂದ. ಸಂಗ್ರಹಾಲಯ ಊರಿನಲ್ಲೇ ಇದ್ದಿದ್ದರಿಂದ ತಂದು ಇಡಲು ಜಾಗವೂ ಇತ್ತು. ದೊಡ್ಡ ಅನುದಾನಗಳ ಮಾತು ಆಮೇಲೆ. ಇಂಥ ಊರುಗಳಲ್ಲಿ ಸಂಬಳ ಕೊಟ್ಟು ಒಬ್ಬಿಬ್ಬರನ್ನು ತೀರ ನೋಡಿಕೊಳ್ಳಲು ಇಟ್ಟರೆ, ಅವರಿಗೆ ಕ್ಯಾಮೆರಾ, ಜಾಗ ಗುರುತಿಸುವ ಜಿಪಿಎಸ್, ಕೆಲವು ಡ್ರಮ್ಮು, ಸಿಹಿನೀರು ಕೊಟ್ಟರೆ ಅಲ್ಲಿಂದಲೇ ಕೆಲಸ ಶುರುವಾಗುತ್ತದೆ. ದಂಡೆ ಒಡೆಯುವ ಮುಂಚೆ ಯಾವ ಪದರ ಹೊರಗೆ ಕಾಣುತ್ತಿದೆ ಅಂತ ಅವರು ಫೋಟೋ ತೆಗೆದಿಟ್ಟರೆ, ಆಮೇಲೆ ಮರಳಿನಲ್ಲಿ ಸಿಕ್ಕ ಮುಖವಾಡಕ್ಕೆ ಅದರ ಮನೆ ಯಾವುದು ಅಂತ ಹೇಳಲು ಸ್ವಲ್ಪವಾದರೂ ದಾರಿ ಇರುತ್ತದೆ.

ಚಳಿ ಬಿಗಿದು ತೀರ ಹೆಪ್ಪುಗಟ್ಟಿದ ಮೇಲೆ ಹುಡುಕುವುದನ್ನು ನಿಲ್ಲಿಸಬೇಕಾಯಿತು. ಹೆಕ್ಕಿ ತಂದ ಮರದ ಸಾಮಾನು ಸಿಹಿನೀರಿನಲ್ಲಿ ನೆನೆಯಬೇಕು. ಹೆಕ್ಕಲಾಗದ್ದು ಹೊರಗೆ ಕೆಸರಿನಲ್ಲೇ ಉಳಿಯಿತು, ಮೇಲೆ ಮತ್ತೆ ಐಸ್.